ಭಾನುವಾರದೊಳಗೆ ಒಂದು ಕವಚ

"ಬೇಡ! ಪ್ಲೀಸ್... ಕಟ್ ಮಾಡ್ಬೇಡಿ!"

ಏವ್ರಿಲ್ ಜೋರಾಗಿ ಕಿರುಚಬೇಕೆಂದಿದ್ದಳು. ಆದರೆ ಹೊರಟದ್ದು ಕೀರಲು ದನಿ ಮಾತ್ರ. ಎದೆ, ಬೆನ್ನು, ಪಕ್ಕೆ ಎಲ್ಲವನ್ನೂ ಅವುಚಿಕೊಂಡು ಗಟ್ಟಿಯಾಗಿಬಿಟ್ಟಿದ್ದ ಕವಚದೊಳಗೆ ಅವಳಿಗೆ ಅರ್ಧ ಉಸಿರಿಗಷ್ಟೇ ಜಾಗ ಉಳಿದಿತ್ತು.

ಎದುರಿಗೆ ನಿಂತಿದ್ದ ಯುವಕನ ಕೈಯಲ್ಲಿ ಪ್ಲಾಸ್ಟರ್ ಕತ್ತರಿಸುವ ಪುಟ್ಟ ಗರಗಸ ಗುಂಯ್‌ಗುಡುತ್ತಿತ್ತು. ಅವನು ಅದನ್ನು ಆಫ್ ಮಾಡಿ ಅವಳನ್ನು ಮೇಲಿನಿಂದ ಕೆಳಗಿನವರೆಗೆ ನೋಡಿದ. ಕೆಳಗೆ ಮನೆಯಲ್ಲಿ ಹಾಕುವ ಹೂಹೂವಿನ ಪೈಜಾಮ, ಹವಾಯಿ ಚಪ್ಪಲಿ. ಮೇಲೆ ಯುದ್ಧಕ್ಕೆ ಹೊರಟ ರಾಣಿಯ ಎದೆಗವಚ!

"ನೋಡಿ, ನಿಮಗೆ ಉಸಿರು ಬೇಕಾ, ಇದು ಬೇಕಾ?"

"ಎರಡೂ ಬೇಕು!"

ಅವನಿಗೆ ನಗು ತಡೆಯಲಾಗಲಿಲ್ಲ. ಏವ್ರಿಲ್‌ಗೆ ಅಳುವೇ ಬಂದುಬಿಟ್ಟಿತು.

ಆದದ್ದಿಷ್ಟು. ಒಂದು ವಿಡಿಯೋ ಗೇಮ್‌ನಲ್ಲಿ ಇಸೋರಾ ಎಂಬ ಯೋಧೆ ಇದ್ದಾಳೆ. ಕಡಲ ಕಾವಲಿನವಳು. ಚಿಪ್ಪಿನ ಮೇಲೆ ಚಿಪ್ಪು ಜೋಡಿಸಿದಂಥ ಅವಳ ಕವಚವನ್ನು ನಿಜವಾಗಿ ಮಾಡಿ, ತೊಟ್ಟು, ವೇದಿಕೆಯ ಮೇಲೆ ನಡೆಯಬೇಕೆಂಬುದು ಏವ್ರಿಲ್‌ಳ ಆಸೆ. ನಗರದಲ್ಲಿ ನಡೆಯಲಿದ್ದ ಗೇಮಿಂಗ್ ಹಬ್ಬದ ವೇಷ ಸ್ಪರ್ಧೆಗೆ ಹೆಸರು ಕೊಟ್ಟಾಗಿತ್ತು. ಬಿಸಿ ಮಾಡಿದರೆ ಬಾಗುವ ಪ್ಲಾಸ್ಟಿಕ್ ಶೀಟನ್ನು ದಪ್ಪ ಫೋಮಿನ ಮೇಲೆ ಹೊದಿಸಿ, ಅಳತೆ ಸರಿ ಬರಲೆಂದು ಮೈಮೇಲೆಯೇ ಸುತ್ತಿಕೊಂಡಿದ್ದಳು. ತಣ್ಣಗಾದಾಗ ಅದು ಬಿಗಿದುಕೊಂಡಿತು. ಬಿಚ್ಚಲೆಂದು ಪಕ್ಕದಲ್ಲಿ ಬಿಟ್ಟಿದ್ದ ಜಾಗಕ್ಕೆ ಅಂಟು ಹರಿದು ಅದೂ ಮುಚ್ಚಿಹೋಯಿತು. ಅಮ್ಮ ಲೂರ್ಡ್ಸ್ ಬೈಯುತ್ತಲೇ ರಿಕ್ಷಾ ಕರೆದರು. ಕ್ಯಾಶುವಾಲ್ಟಿಯ ಡಾಕ್ಟರು ನಗುತ್ತಲೇ ಈ ಪ್ಲಾಸ್ಟರ್ ರೂಮಿಗೆ ಕಳಿಸಿದರು.

"ಏವ್ರಿಲ್ ಲೋಬೊ, ಕುದ್ರೋಳಿ..." ಬಾಗಿಲಲ್ಲಿ ನರ್ಸ್ ಮೆಲಿಸಾ ಹೆಸರು ಓದಿದಳು. "ರೂಬನ್, ಇವರದ್ದು ಬೇಗ ಮಾಡು ಮಾರಾಯ. ಹೊರಗೆ ಎಲ್ಲ ಫೋಟೋ ತೆಗೀಲಿಕ್ಕೆ ಕಾಯ್ತಿದ್ದಾರೆ!"

ಹೆಸರು ಕೇಳಿದ್ದೇ ರೂಬನ್‌ನ ನಗು ನಿಂತಿತು. ಒಂದು ಕ್ಷಣ ಅವನು ಅವಳ ಮುಖವನ್ನೇ ನೋಡಿದ. ನಂತರ ಅವಳ ಪಕ್ಕೆಯ ಬಳಿ ಮೊಣಕಾಲೂರಿದ.

'ಇವನಿಗೆ ಎಂತ ಆಯ್ತು ಇದ್ದಕ್ಕಿದ್ದ ಹಾಗೆ?' ಏವ್ರಿಲ್‌ಗೆ ಅರ್ಥವಾಗಲಿಲ್ಲ.

"ಹೆದರ್ಬೇಡಿ. ಇದು ಚರ್ಮ ಕತ್ತರಿಸುದಿಲ್ಲ. ಚಿಪ್ಪುಗಳ ನಡುವಿನ ಗೆರೆಯಲ್ಲೇ ಹೋಗ್ತೇನೆ. ಒಂದು ಚಿಪ್ಪಿಗೂ ಪೆಟ್ಟಾಗುದಿಲ್ಲ."

"ಪ್ರಾಮಿಸ್?"

"ಪ್ರಾಮಿಸ್."

ಹೇಳಿದಂತೆಯೇ ಮಾಡಿದ. ಕವಚ ಎರಡು ಭಾಗವಾಗಿ ಬಿಟ್ಟುಕೊಂಡಿತು. "ದೆವಾ ಮ್ಹಜ್ಯಾ!" ಎಂದು ದೇವರನ್ನು ನೆನೆಯುತ್ತ ಏವ್ರಿಲ್ ಎದೆ ತುಂಬ ಉಸಿರೆಳೆದುಕೊಂಡಳು. ಆಮೇಲೆ ಮೊದಲು ನೋಡಿದ್ದು ತನ್ನ ಪಕ್ಕೆಯ ಕೆಂಪು ಗೀರುಗಳನ್ನಲ್ಲ, ಕವಚದ ಚಿಪ್ಪುಗಳನ್ನು!

"ಮುಂದಿನದ್ದಲ್ಲ, ಅದರಾಚೆಯ ಭಾನುವಾರ ಸ್ಪರ್ಧೆ. ಇದೊಂದಕ್ಕೇ ತಿಂಗಳು ಹಿಡೀತು..." ಅವಳ ಕಣ್ಣು ತುಂಬಿತು.

ರೂಬನ್ ಕವಚವನ್ನು ಬೆಳಕಿಗೆ ಹಿಡಿದು ತಿರುಗಿಸಿ ನೋಡಿದ. ಹಸಿರು ಕಪ್ಪಾಗಿ, ಕಪ್ಪು ನೀಲಿಯಾಗಿ ಜಾರುವ ಬಣ್ಣ. ಕಡಲ ಬಂಡೆಗಂಟುವ ಪಚ್ಚಿಲೆಯ ಚಿಪ್ಪಿನ ಹೊರಮೈಯಂಥದೇ ಹೊಳಪು.

"ಬಣ್ಣ ನೀವೇ ಹಾಕಿದ್ದಾ?"

"ಮತ್ತೆ?"

"ಚಂದ ಉಂಟು." ಅವನ ದನಿಯಲ್ಲಿ ಉಪಚಾರವಿರಲಿಲ್ಲ. "ಆದ್ರೆ ಇದರೊಳಗೆ ಮನುಷ್ಯ ಕೈ ಎತ್ತಲಿಕ್ಕೆ ಆಗುದಿಲ್ಲ. ಕೂರ್ಲಿಕ್ಕೂ ಆಗುದಿಲ್ಲ. ನೀವು ಮೈಗೆ ಕವಚ ಮಾಡ್ಲಿಲ್ಲ, ಚಿತ್ರಕ್ಕೆ ಮಾಡಿದ್ದೀರಿ."

ಏವ್ರಿಲ್‌ಗೆ ಚುರುಕ್ಕೆಂದಿತು. ಆದರೆ ಅವನು ಹೇಳಿದ್ದು ನಿಜವೆಂದೂ ಅವಳಿಗೆ ಗೊತ್ತಿತ್ತು!

"ನೀವು ಇಲ್ಲಿ ಪ್ಲಾಸ್ಟರ್ ಕತ್ತರಿಸುದು ಮಾತ್ರವಾ?"

ಅವನು ಸ್ವಲ್ಪ ತಡೆದು, "ಬೆಲ್ಟು, ಸ್ಪ್ಲಿಂಟು... ಅದೂ ಇದೂ ಮಾಡ್ತೇನೆ," ಎಂದ. "ಬೇಕಾದ್ರೆ ನಾಳೆ ಸಂಜೆ ಡ್ಯೂಟಿ ಮುಗಿಸಿ ಬಂದು ಸರಿ ಮಾಡಿಕೊಡ್ತೇನೆ. ಬೇಡದಿದ್ರೆ ಬೇಡ."

"ಬನ್ನಿ," ಎಂದುಬಿಟ್ಟಳು ಏವ್ರಿಲ್. ಹೇಳಿದ ಮೇಲೆ ತನಗೇ ಆಶ್ಚರ್ಯವಾಯಿತು.

*

ಅವಳಿಗೆ ಈ ಕವಚ ಬರೀ ಆಟವಾಗಿರಲಿಲ್ಲ.

ಶಾಲೆಯಲ್ಲಿ ಡ್ರಾಯಿಂಗ್ ಟೀಚರಾಗಿದ್ದ ತಾತ್ಕಾಲಿಕ ಕೆಲಸ ಮುಗಿದುಹೋಗಿತ್ತು. ದೋಹಾದಲ್ಲಿದ್ದ ಚಿಕ್ಕಮ್ಮ ಅಲ್ಲೊಂದು ಕ್ಲಿನಿಕ್ಕಿನಲ್ಲಿ ರಿಸೆಪ್ಷನಿಸ್ಟ್ ಕೆಲಸ ನೋಡಿಟ್ಟಿದ್ದರು. ಏವ್ರಿಲ್‌ಗೆ ಬೇಕಾಗಿದ್ದದ್ದು ಬೇರೆ: ನಾಟಕಕ್ಕೆ, ಸಿನಿಮಾಕ್ಕೆ, ಹಬ್ಬಗಳಿಗೆ ವೇಷ, ಕವಚ, ಮುಖವಾಡ ಮಾಡುವ ತನ್ನದೇ ಒಂದು ವರ್ಕ್‌ಶಾಪ್. ಮನೆಯ ಹಿಂದೆ, ಹಳೆ ಬಂದರಿನ ದಿಕ್ಕಿಗೆ, ಅಪ್ಪನ ಹೆಂಚಿನ ಗೋದಾಮು ಇತ್ತು.

"ನೀನು ಹಿಡಿದ ಒಂದು ಕೆಲಸವನ್ನಾದ್ರೂ ಮುಗಿಸಿ ತೋರಿಸು," ಎಂದಿದ್ದರು ಅಪ್ಪ ಡೆನಿಸ್. "ಆ ಸ್ಟೇಜಿನ ಮೇಲೆ ಪೂರ್ತಿ ವೇಷದಲ್ಲಿ ನಿಂತ್ಕೋ. ಗೋದಾಮು ನಿನಗೆ. ಇಲ್ಲದಿದ್ರೆ ಸುಮ್ನೆ ದೋಹಾಕ್ಕೆ ಹೊರಡು."

ಕುವೈತಿನ ವರ್ಕ್‌ಶಾಪಿನಲ್ಲಿ ಫೋರ್‌ಮನ್ ಆಗಿ ದುಡಿದು ಬಂದವರು ಅವರು. ಕೊಟ್ಟ ಮಾತಿಗೆ ತಪ್ಪುವವರಲ್ಲ... ಗೋದಾಮಿನ ಮಾತಿಗೂ, ದೋಹಾದ ಮಾತಿಗೂ!

ರೂಬನ್ ಮರುದಿನ ಸಂಜೆ ಬಂದಾಗ ಅವನ ಕೂದಲ ತುಂಬ ಧೂಳು.

"ನಂತೂರಲ್ಲಿ ಲಾರಿಗಳ ನಡುವೆ ಸಿಕ್ಕಿ ಬಿದ್ದೆ ಮಾರಾಯ್ರೆ. ಸ್ಕೂಟರ್ ಒಂದಿಂಚು ಹೋಗುದಿಲ್ಲ."

ಬಾಗಿಲು ತೆರೆದ ಲೂರ್ಡ್ಸ್ ಅವನನ್ನು ಕಂಡು ಗಕ್ಕನೆ ನಿಂತರು. ಅವನೂ ನಿಂತ. ಅವರಿಬ್ಬರೂ ಅಂಗಳದಲ್ಲಿ ತಗ್ಗಿದ ದನಿಯಲ್ಲಿ ಏನೋ ಮಾತಾಡಿದ್ದು ಒಳಗೆ ಫೋಮ್ ಕತ್ತರಿಸುತ್ತಿದ್ದ ಏವ್ರಿಲ್‌ಗೆ ಕೇಳಿಸಲಿಲ್ಲ. ಅಮ್ಮ ಒಳಗೆ ಬಂದಾಗ ಮುಖದಲ್ಲಿ ಎಂದೂ ಇಲ್ಲದ ಉತ್ಸಾಹ!

"ಪಾಪ, ಅಷ್ಟು ದೂರದಿಂದ ಬಂದಿದ್ದಾನೆ. ಮೊದಲು ಚಾ ಕುಡೀಲಿ. ಮತ್ತೆ ನಿಮ್ಮ ಡಬ್ಬ ಬಡೀರಿ."

'ನಿನ್ನೆಯವರೆಗೆ ಇದನ್ನೆಲ್ಲ ಗುಜರಿಗೆ ಹಾಕ್ತೇನೆ ಅಂತಿದ್ದ ಮಮ್ಮಿ ಇವರೇನಾ?' ಎಂದುಕೊಂಡಳು ಏವ್ರಿಲ್.

ಗೋದಾಮಿನ ಒಂದು ಮೂಲೆಯಲ್ಲಿ ಕೆಲಸ ಸಾಗಿತು. ಸಂಜೆಗಳು ಕಳೆದದ್ದೇ ತಿಳಿಯಲಿಲ್ಲ.

ಭುಜದ ಅಳತೆಗೆ ಅಚ್ಚು ತೆಗೆಯಬೇಕಾಗಿತ್ತು. ಹಳೆ ಟೀಶರ್ಟಿನ ಮೇಲೆ ಒದ್ದೆ ಪ್ಲಾಸ್ಟರ್ ಪಟ್ಟಿ ಸುತ್ತುವಾಗ ಲೂರ್ಡ್ಸ್ ಎದುರಿಗೇ ಸ್ಟೂಲ್ ಹಾಕಿಕೊಂಡು ಕೂತು ಬೆಳ್ಳುಳ್ಳಿ ಸುಲಿದರು. ಕಣ್ಣು ಮಾತ್ರ ಬೆಳ್ಳುಳ್ಳಿಯ ಮೇಲಿರಲಿಲ್ಲ. ರೂಬನ್‌ನ ಕಿವಿ ಕೆಂಪಾಗಿತ್ತು. ಏವ್ರಿಲ್‌ಗೆ ನಗು. ನಗಬೇಡಿ, ಅಚ್ಚು ಬಿರುಕು ಬಿಡ್ತದೆ ಎಂದು ಅವನು ಗದರಿದ. ಅವಳಿಗೆ ಇನ್ನೂ ನಗು!

"ಕೈ ಮೇಲೆತ್ತುವಾಗ ಭುಜ ಒಂದೇ ಜಾಗದಲ್ಲಿ ತಿರುಗುದಿಲ್ಲ," ಎಂದು ಅವನು ತನ್ನ ಕೈ ಎತ್ತಿ ತೋರಿಸಿದ. "ಇಡೀ ಭುಜವೇ ಮೇಲೆ ಬರ್ತದೆ. ಒಂದೇ ಗಟ್ಟಿ ತುಂಡು ಹಾಕಿದ್ರೆ ಕಿವಿಗೆ ಬಡೀತದೆ."

ಏವ್ರಿಲ್ ಯೋಚಿಸಿದಳು. ಅಡುಗೆಮನೆಗೆ ಓಡಿ, ಅಮ್ಮ ತೊಳೆದಿಟ್ಟಿದ್ದ ಪಚ್ಚಿಲೆಯ ಚಿಪ್ಪುಗಳಲ್ಲಿ ಐದಾರು ತಂದಳು. ಒಂದರ ಅಂಚು ಇನ್ನೊಂದರ ಕೆಳಗೆ ಬರುವಂತೆ ಅಂಗೈಯಲ್ಲಿ ಜೋಡಿಸಿ, ಕೆಳಗಿನದನ್ನು ಮೆಲ್ಲಗೆ ಒತ್ತಿದಳು. ಎಲ್ಲವೂ ಒಂದರೊಳಗೊಂದು ಜಾರಿ ಮೇಲೆದ್ದವು.

"ಹೀಗೆ ಮಾಡಿದ್ರೆ? ಒಂದೇ ತುಂಡು ಬೇಡ. ಸಣ್ಣ ಸಣ್ಣದು. ಒಂದೊಂದು ಕಡೆ ಮಾತ್ರ ರಿವೆಟ್ ಮೊಳೆ."

ರೂಬನ್ ಚಿಪ್ಪುಗಳನ್ನು ತಾನೂ ಒಮ್ಮೆ ಒತ್ತಿ ನೋಡಿದ. "ಇದು ನನಗೆ ಹೊಳೀಲೇ ಇಲ್ಲ ಏವ್ರಿಲ್."

ಅವನು ಅವಳನ್ನು ಹೆಸರು ಹಿಡಿದು ಕರೆದದ್ದು ಅದೇ ಮೊದಲು. ಅವಳ ಎದೆಯಲ್ಲಿ ಏನೋ ಹಗುರವಾಗಿ ಅಲುಗಿದಂತಾಯಿತು.

ಅವನು ಹೋದ ಮೇಲೆ ಗೋದಾಮು ಖಾಲಿಯೆನಿಸುತ್ತಿತ್ತು. ಬೆಳಗ್ಗೆ ಏಳುವಾಗಲೇ ಸಂಜೆ ಎಷ್ಟು ಹೊತ್ತಿಗೆ ಆಗುತ್ತದೋ ಎಂಬ ಯೋಚನೆ. ಕನ್ನಡಿಯ ಮುಂದೆ ಎರಡು ನಿಮಿಷ ಹೆಚ್ಚು ನಿಲ್ಲುತ್ತಿದ್ದಳು. ಒಂದು ವರ್ಷದಿಂದ ಮುಚ್ಚಿಟ್ಟಿದ್ದ ಬಾಗಿಲೊಂದು ತಾನಾಗಿ ತೆರೆದುಕೊಳ್ಳುತ್ತಿದೆ ಅನಿಸಿದಾಗ ಅವಳಿಗೆ ಭಯವೂ ಆಗುತ್ತಿತ್ತು.

ವರ್ಷದ ಹಿಂದೆ ಮಸ್ಕತ್‌ನ ನೆವಿಲ್ ಎಂಬವನು ಅವಳನ್ನು ನೋಡಲು ಬಂದಿದ್ದ. ಅವಳು ಮಾಡಿ ಶೆಲ್ಫಿನ ಮೇಲಿಟ್ಟಿದ್ದ ಹೆಲ್ಮೆಟ್ಟನ್ನು ತಲೆಗಿಟ್ಟುಕೊಂಡು, ತನ್ನ ತಂಗಿಯ ಜೊತೆ ಸೇರಿ ಬಿದ್ದು ಬಿದ್ದು ನಕ್ಕಿದ್ದ. "ಮದುವೆ ಆದ ಮೇಲೂ ಇದೇ ಗೊಂಬೆಯಾಟವಾ?" ಎಂದು ಎಲ್ಲರೆದುರು ಕೇಳಿದ್ದ. ವಾರದ ಮೇಲೆ 'ಬೇಡ' ಎಂದು ಹೇಳಿ ಕಳಿಸಿದ್ದ. ಅಂದಿನಿಂದ ಪ್ರಪೋಸಲ್ ಎಂಬ ಮಾತೆತ್ತಿದರೆ ಏವ್ರಿಲ್ ಎದ್ದು ಹೋಗುತ್ತಿದ್ದಳು.

ರೂಬನ್ ಅದೇ ಹೆಲ್ಮೆಟ್ಟನ್ನು ಎರಡೂ ಕೈಯಲ್ಲಿ ಹಿಡಿದು, "ಇದರ ಒಳಗೆ ಬೆವರಿಗೆ ದಾರಿ ಬಿಟ್ಟಿದ್ದೀರಲ್ಲ, ಜಾಣೆ," ಎಂದಿದ್ದ!

*

ಸ್ಪರ್ಧೆಗೆ ಮುಂಚಿನ ಶುಕ್ರವಾರ. ಎದೆ, ಬೆನ್ನು, ಎಡ ಭುಜ, ಮೊಣಕಾಲು ಎಲ್ಲ ಆಗಿತ್ತು. ಉಳಿದದ್ದು ಬಲ ಭುಜ ಮತ್ತು ಪೂರ್ತಿ ಬಣ್ಣ. ರೂಬನ್ ರಿವೆಟ್ ಜೋಡಿಸುತ್ತಿದ್ದ. ಏವ್ರಿಲ್ ಮೂಗಿನ ತುದಿಗೆ ಹಸಿರು ಮೆತ್ತಿಕೊಂಡು ಪಕ್ಕದಲ್ಲೇ ಕೂತಿದ್ದಳು.

"ಲೂರ್ಡ್ಸ್! ಎಲ್ಲಿದ್ದಿ ಮಾರಾಯ್ತಿ?"

ಬೆನಿಟಾ ಆಂಟಿ! ಅಮ್ಮನ ಸೋದರಸಂಬಂಧಿ. ಊರಿನ ಅರ್ಧ ಮದುವೆಗಳು ಅವರ ಫೋನಿನಲ್ಲೇ ಕುದುರುತ್ತಿದ್ದವು. ಗೋದಾಮಿನೊಳಗೆ ಇಣುಕಿದವರು ಕಣ್ಣರಳಿಸಿದರು.

"ಅಯ್ಯೋ! ಇದು ಕುಲಶೇಖರದ ರೂಬನ್ ಅಲ್ವಾ? ಇವನಿಲ್ಲಿ ಎಂತ ಮಾಡ್ತಾನೆ? ಏವ್ರಿಲ್, ನೀನೇ ಅಲ್ವಾ ಇವನನ್ನು ಬೇಡ ಅಂದದ್ದು?"

ರೂಬನ್‌ನ ಕೈ ನಿಂತಿತು.

ಏವ್ರಿಲ್‌ಗೆ ಮೊದಲು ಏನೂ ತಿಳಿಯಲಿಲ್ಲ. ನಂತರ ಒಮ್ಮೆಲೇ ಎಲ್ಲ ನೆನಪಾಯಿತು. ಎರಡು ತಿಂಗಳ ಹಿಂದೆ ಇದೇ ಆಂಟಿ, "ಕುಲಶೇಖರದ ಹುಡುಗ, ಕೃತಕ ಕಾಲು ಮಾಡ್ತಾನೆ," ಎಂದು ಆರಂಭಿಸಿದ್ದರು. ಹೆಸರು ಹೇಳಲೂ ಅವಳು ಬಿಟ್ಟಿರಲಿಲ್ಲ. ಫೋಟೋ ನೋಡಿರಲಿಲ್ಲ. ನೆವಿಲ್‌ನ ಮೇಲಿದ್ದ ಕೋಪವನ್ನೆಲ್ಲ ಒಂದೇ ಮಾತಿನಲ್ಲಿ ಕಾರಿಬಿಟ್ಟಿದ್ದಳು:

"ಇಡೀ ದಿನ ಕಡಿದ ಕಾಲು ಮುಟ್ಟಿದ ಕೈಯಲ್ಲಿ ನನ್ನ ಕೈ ಹಿಡಿದ್ರೆ ನನಗೆ ಊಟ ಸೇರುದಿಲ್ಲ ಅಂತ ಹೇಳಿ!"

"ನೀವು... ಆ ಮಾತು ಇವರಿಗೆ ಹೇಳಿದ್ರಾ ಆಂಟಿ?" ಏವ್ರಿಲ್ ಎದ್ದು ನಿಂತಳು.

"ಇವನ ಅಮ್ಮ ಕಾರಣ ಕೇಳಿದ್ರು. ನಾನು ಇದ್ದದ್ದು ಇದ್ದ ಹಾಗೆ ಹೇಳಿದೆ. ನನಗೆ ಸುಳ್ಳು ಹೇಳ್ಲಿಕ್ಕೆ ಬರುದಿಲ್ಲಪ್ಪ."

ಹಿಂದೆಯೇ ಓಡಿ ಬಂದ ಲೂರ್ಡ್ಸ್ ಬೆನಿಟಾ ಆಂಟಿಯ ಕೈ ಹಿಡಿದು ಎಳೆದುಕೊಂಡು ಹೋದರು. ಅಮ್ಮನ ಮುಖ ನೋಡಿದ ಕೂಡಲೇ ಏವ್ರಿಲ್‌ಗೆ ಇನ್ನೊಂದು ವಿಷಯ ಹೊಳೆಯಿತು. ಮಮ್ಮಿಗೂ ಗೊತ್ತಿತ್ತು!

ನಾಚಿಕೆಯಿಂದ ಅವಳಿಗೆ ನೆಲದೊಳಗೆ ಹೋಗಿಬಿಡೋಣ ಎನಿಸಿತು. ಆ ನಾಚಿಕೆಯೇ ಕೋಪವಾಗಿ ಹೊರಬಂದಿತು.

"ಮೊದಲ ದಿನದಿಂದಲೂ ನಿಮಗೆ ಗೊತ್ತಿತ್ತು?"

"ಹೆಸರು ಕೇಳಿದಾಗ ಗೊತ್ತಾಯ್ತು."

"ಮತ್ತೆ ಯಾಕೆ ಬಂದ್ರಿ? ಮಮ್ಮಿ ಜೊತೆ ಸೇರಿ ನಾಟಕವಾ? ಹೆಣ್ಣು ನೋಡುವ ಹೊಸ ದಾರಿಯಾ ಇದು?"

"ಅಲ್ಲ. ನಿಮಗೆ ಹೇಳ್ಬೇಡಿ ಅಂತ ನಿಮ್ಮ ಅಮ್ಮನ ಹತ್ತಿರ ನಾನೇ ಕೇಳಿಕೊಂಡೆ. ಗೊತ್ತಾದ್ರೆ ನೀವು ನನ್ನನ್ನು ಓಡಿಸ್ತೀರಿ, ಕೆಲಸ ನಿಲ್ತದೆ ಅಂತ." ಅವನು ಮುಖ ತಗ್ಗಿಸಿದ. "ನಿಜ ಹೇಳ್ತೇನೆ. ಆ ದಿನ ನನಗೆ ಸ್ವಲ್ಪ ಹಟ ಇತ್ತು. ಇವಳು ನನ್ನ ಕೈ ಎಂತದ್ದು ಅಂತ ಒಮ್ಮೆ ನೋಡ್ಲಿ ಅಂತ. ಆಮೇಲೆ ಅದು ನೆನಪಿಗೇ ಬರ್ಲಿಲ್ಲ. ಸಂಜೆ ಆದ್ರೆ ಇಲ್ಲಿಗೆ ಬರ್ಬೇಕು ಅನ್ನಿಸ್ತಿತ್ತು, ಅಷ್ಟೆ."

ಕೊನೆಯ ಮಾತನ್ನು ಏವ್ರಿಲ್ ಕೇಳಿಸಿಕೊಂಡಳು. ಆದರೆ ಒಳಗೆ ಬಿಟ್ಟುಕೊಳ್ಳಲಿಲ್ಲ.

"ನನ್ನನ್ನು ಸಣ್ಣವಳು ಮಾಡ್ಲಿಕ್ಕೆ ಇಷ್ಟು ಕಷ್ಟಪಟ್ರಾ? ನನಗೆ ಯಾರ ದಯೆಯೂ ಬೇಡ. ಹೋಗಿ!"

ಅವನು ಸುತ್ತಿಗೆ ಕೆಳಗಿಟ್ಟ. ಕೈ ಒರೆಸಿಕೊಂಡ. ಬಾಗಿಲ ಬಳಿ ಹೋಗಿ ನಿಂತು, ತಿರುಗದೆಯೇ ಹೇಳಿದ.

"ಬಲ ಭುಜದ ರಿವೆಟ್ ಬಾಕಿ ಉಂಟು. ತುಂಬ ಬಿಗಿ ಮಾಡ್ಬೇಡಿ. ಕೈ ಏಳುದಿಲ್ಲ."

ಸ್ಕೂಟರಿನ ಶಬ್ದ ದೂರವಾಯಿತು.

*

ಏವ್ರಿಲ್ ರಿವೆಟ್ ಹೊಡೆಯಲು ಕೂತಳು. ಒಂದು ಸೊಟ್ಟವಾಯಿತು. ಇನ್ನೊಂದು ಚಿಪ್ಪನ್ನೇ ಸೀಳಿತು. ಅಷ್ಟಕ್ಕೇ ಅವಳು ಮುಖ ಮುಚ್ಚಿಕೊಂಡು ಬಿಕ್ಕಿದಳು.

ಲೂರ್ಡ್ಸ್ ಬಂದು ಪಕ್ಕದಲ್ಲಿ ಕೂತರು. ಮಗಳು ದೂರ ಸರಿದಳು.

"ಫೋಟೋದಲ್ಲಿ ನೋಡಿದ್ದೆ. ಅವನೇ ಅಂತ ಬಾಗಿಲಲ್ಲೇ ಗೊತ್ತಾಯ್ತು," ಎಂದರು ಅಮ್ಮ. "ಹೇಳ್ಬೇಕು ಅಂತಲೇ ಇದ್ದೆ ಬಾಯೆ, ಮಗಳೇ. ಆದ್ರೆ ಆ ಪ್ಲಾಸ್ಟರ್ ಹಾಕುವ ದಿನ ನೀನು ನಗ್ತಾ ಇದ್ದಿ ನೋಡು... ವರ್ಷ ಆಗಿತ್ತು ನಿನ್ನ ನಗು ಕೇಳಿ. ನನಗೆ ಬಾಯಿ ಬರ್ಲಿಲ್ಲ. ತಪ್ಪು ನನ್ನದೂ ಉಂಟು."

ಏವ್ರಿಲ್ ಅಮ್ಮನ ಮಡಿಲಲ್ಲಿ ತಲೆ ಇಟ್ಟಳು.

"ಮಮ್ಮಿ, ನೆವಿಲ್ ನನ್ನ ಕೆಲಸ ನೋಡಿ ನಕ್ಕಾಗ ನಾನು ಎಷ್ಟು ಅತ್ತೆ, ಅಲ್ವಾ? ನಾನು ಮಾಡಿದ್ದೂ ಅದೇ. ಮುಖ ಸಹ ನೋಡದೆ."

"ಅದನ್ನು ನನಗೆ ಹೇಳಿ ಎಂತ ಪ್ರಯೋಜನ?" ಲೂರ್ಡ್ಸ್ ಅವಳ ಮೂಗಿನ ಮೇಲಿನ ಬಣ್ಣವನ್ನು ಸೆರಗಿನಿಂದ ಒರೆಸಿದರು. "ನಾಳೆ ಅವನಿಗೆ ಪಣಂಬೂರಲ್ಲಿ ಕೃತಕ ಕಾಲು ಜೋಡಿಸುವ ಕ್ಯಾಂಪ್ ಉಂಟಂತೆ. ಮೊನ್ನೆ ಚಾ ಕುಡಿಯುವಾಗ ಹೇಳಿದ್ದ."

*

ಪಣಂಬೂರಿನ ಕ್ಯಾಂಪಿನ ಸಭಾಂಗಣದಲ್ಲಿ ಶನಿವಾರ ಬೆಳಗ್ಗೆ ಬೆಂಚುಗಳ ತುಂಬ ಜನ. ಬಂದರಿನಲ್ಲಿ, ಕಾರ್ಖಾನೆಗಳಲ್ಲಿ ದುಡಿಯುತ್ತಿದ್ದವರು. ಕೆಲವರಿಗೆ ಮೊಣಕಾಲಿನ ಕೆಳಗೆ ಏನೂ ಇಲ್ಲ, ಕೆಲವರಿಗೆ ಇನ್ನೂ ಮೇಲಿನಿಂದಲೇ ಇಲ್ಲ. ಏವ್ರಿಲ್ ಬಾಗಿಲಲ್ಲೇ ನಿಂತಳು.

ರೂಬನ್ ನೆಲದ ಮೇಲೆ ಕೂತಿದ್ದ. ಅವನ ತೊಡೆಯ ಮೇಲೆ ಒಬ್ಬ ಮುದುಕನ ಮೊಂಡುಗಾಲು. ಎಷ್ಟು ಸಹಜವಾಗಿ ಹಿಡಿದಿದ್ದನೆಂದರೆ, ಮುದುಕ ಅವನ ಹೆಗಲ ಮೇಲೆ ಕೈಯಿಟ್ಟು ಮೀನಿನ ಸುದ್ದಿ ಮಾತಾಡುತ್ತಿದ್ದ! ರೂಬನ್ ಹತ್ತಿಯ ಕಾಲುಚೀಲವನ್ನು ಸುಕ್ಕಿಲ್ಲದಂತೆ ಏರಿಸಿದ. ಕೆಂಪಾದ ಒಂದು ಜಾಗವನ್ನು ಹೆಬ್ಬೆರಳಿನಿಂದ ಮೆತ್ತಗೆ ಮುಟ್ಟಿ, "ಇಲ್ಲಿ ನೋವುಂಟಾ ಕಜೆಟನ್ ಅಂಕಲ್?" ಎಂದ. ಹೊಸ ಕಾಲನ್ನು ಜೋಡಿಸಿದ.

ಏವ್ರಿಲ್ ನೋಡುತ್ತಲೇ ಇದ್ದಳು. ಅಸಹ್ಯವೆಂಬುದು ಅವಳೊಳಗೆ ಎಲ್ಲೂ ಇರಲಿಲ್ಲ. ಕಣ್ಣು ಮಂಜಾಗುತ್ತಿತ್ತು.

"ಏಳ್ವ ಅಂಕಲ್. ಯಾರಾದ್ರೂ ಆ ಕಡೆಯಿಂದ ಹಿಡೀರಿ ಒಮ್ಮೆ," ರೂಬನ್ ಕರೆದ.

ಮುಂದೆ ಹೋಗಿ ಕಜೆಟನ್‌ನ ಎಡತೋಳು ಹಿಡಿದದ್ದು ಏವ್ರಿಲ್.

ರೂಬನ್ ತಲೆಯೆತ್ತಿದ. ಮುದುಕ ನಡುಗುತ್ತ ಎದ್ದ. ಒಂದು ಹೆಜ್ಜೆ. ಇನ್ನೊಂದು. ಬೆಂಚಿನಲ್ಲಿ ಕೂತಿದ್ದವರು ಚಪ್ಪಾಳೆ ತಟ್ಟಿದರು. ಕಜೆಟನ್ ಅವಳ ಕಡೆ ತಿರುಗಿ ಬೊಚ್ಚು ಬಾಯಿ ತುಂಬ ನಕ್ಕ.

"ನೀನು ಆ ಕವಚದ ಹುಡುಗಿ ಅಲ್ವಾ? ಅಳತೆ ತೆಗೀಲಿಕ್ಕೆ ಬಂದ ದಿನ ಇವನು ಫೋಟೋ ತೋರಿಸಿದ್ದ. ಕೈ ನೋಡಿ ಅಂಕಲ್ ಇವಳದ್ದು, ಕೈ ನೋಡಿ ಅಂತ! ಅವತ್ತು ಬೇರೆ ಸುದ್ದಿಯೇ ಇಲ್ಲ!"

ರೂಬನ್‌ನ ಕಿವಿ ಕೆಂಪಾಯಿತು.

ಮುದುಕನನ್ನು ಕೂರಿಸಿದ ಮೇಲೆ ಅವನು ಹೊರಗಿನ ನಲ್ಲಿಯ ಹತ್ತಿರ ಬಂದ. ಏವ್ರಿಲ್ ಹಿಂದೆಯೇ ಬಂದಳು.

"ನಾನು ಕ್ಷಮೆ ಕೇಳ್ಲಿಕ್ಕೆ ಬಂದೆ. ನಿನ್ನೆಯದ್ದಕ್ಕೂ, ಆ ಮಾತಿಗೂ. ಕೋಪ ಬೇರೆಯವನ ಮೇಲೆ ಇತ್ತು. ಆದ್ರೆ ಹೇಳಿದ್ದು ನಾನೇ."

ಅವನು ನಲ್ಲಿ ನಿಲ್ಲಿಸಿದ.

"ಇದೇ ಕಾರಣಕ್ಕೆ ಮೂರು ಮನೆಯವರು ಬೇಡ ಅಂದಿದ್ದಾರೆ ಏವ್ರಿಲ್. ಎಲ್ಲ ಬೇರೆ ಬೇರೆ ನೆಪ ಹೇಳಿದ್ರು. ನೀವೊಬ್ಬರೇ ಬಾಯಿಬಿಟ್ಟು ಹೇಳಿದ್ದು." ನಗಲು ಪ್ರಯತ್ನಿಸಿದ, ಆಗಲಿಲ್ಲ. "ನನಗೆ ಅಭ್ಯಾಸ ಆಗಿತ್ತು. ಆದ್ರೆ ಆ ಫೋನ್ ಎತ್ತಿದ್ದು ಅಮ್ಮ. ಅವತ್ತು ಅವರು ಊಟ ಮಾಡ್ಲಿಲ್ಲ."

ಆ ಮಾತು ಏವ್ರಿಲ್‌ಳ ಎದೆಗೆ ನೇರವಾಗಿ ನಾಟಿತು. ಅವಳು ಮುಂದೆ ಬಂದು, ಪ್ಲಾಸ್ಟರಿನ ಬಿಳಿ ಇನ್ನೂ ಅಂಟಿದ್ದ ಅವನ ಒದ್ದೆ ಕೈಯನ್ನು ತನ್ನೆರಡೂ ಕೈಯಲ್ಲಿ ಹಿಡಿದುಕೊಂಡಳು. ಬಿಡಲಿಲ್ಲ.

"ನಾಳೆ ಬರ್ತೀರಾ?"

"ಇನ್ನೂ ಅಷ್ಟು ಜನ ಕಾಯ್ತಿದ್ದಾರೆ. ಇವತ್ತು ಮುಗೀದಿದ್ರೆ ನಾಳೆಯೂ ಉಂಟು. ಬರ್ತೇನೆ ಅಂತ ಹೇಳಿ ಬರದೇ ಇರುದು ಬೇಡ." ಅವನು ಕೈ ಬಿಡಿಸಿಕೊಳ್ಳಲಿಲ್ಲ. "ನೀವು ಹೋಗಿ. ಭುಜ ಮುಗಿಸಿ."

*

ಭುಜ ಮುಗಿಸಿಕೊಟ್ಟದ್ದು ಯಾರೂ ಎಣಿಸದ ಮನುಷ್ಯ!

ಮಧ್ಯಾಹ್ನದ ನಿದ್ದೆ ಬಿಟ್ಟು ಬಂದ ಡೆನಿಸ್ ಗೋದಾಮಿನ ಬಾಗಿಲಲ್ಲಿ ಸೊಂಟಕ್ಕೆ ಕೈಯಿಟ್ಟು ನಿಂತು, ಮಗಳು ಮತ್ತೊಂದು ರಿವೆಟ್ ಸೊಟ್ಟ ಮಾಡುವುದನ್ನು ನೋಡಿದರು. ಇನ್ನು ನೋಡಲಾಗಲಿಲ್ಲ.

"ಸುತ್ತಿಗೆ ಹಿಡಿಯುವ ಕ್ರಮವಾ ಇದು? ಕೊಡು ಇಲ್ಲಿ."

"ತುಂಬ ಬಿಗಿ ಬೇಡ ಪಪ್ಪಾ..."

"ಗೊತ್ತುಂಟು. ನನಗೆ ಹೇಳಿಕೊಡ್ಬೇಡ."

ಅಪ್ಪ ಹೊಡೆದರು, ಅಮ್ಮ ಚಿಪ್ಪುಗಳನ್ನು ಹಿಡಿದುಕೊಂಡರು, ಮಗಳು ಬಣ್ಣ ಹಾಕಿದಳು. ಸಂಜೆಯ ಬಿಸಿಲು ಇಳಿಯುವ ಹೊತ್ತಿಗೆ ಕೊನೆಯ ಚಿಪ್ಪೂ ಕೂತಿತು. ಏವ್ರಿಲ್ ತೊಟ್ಟು, ಬಲಗೈಯನ್ನು ಮೆಲ್ಲನೆ ಎತ್ತಿದಳು. ಚಿಪ್ಪುಗಳು ಒಂದರೊಳಗೊಂದು ಜಾರಿ ದಾರಿ ಬಿಟ್ಟವು. ಡೆನಿಸ್ ಕನ್ನಡಕ ತೆಗೆದು ಒರೆಸಿಕೊಂಡರು.

ಭಾನುವಾರ ಸ್ಪರ್ಧೆಯ ಸಭಾಂಗಣ ಕಿಕ್ಕಿರಿದಿತ್ತು. "ಇಸೋರಾ!" ಎಂದು ಮೈಕಿನಲ್ಲಿ ಕರೆದಾಗ ಏವ್ರಿಲ್ ಇಸೋರಾಳ ಈಟಿಯನ್ನು ಕೈಗೆತ್ತಿಕೊಂಡಳು. ಬೆಳಕಿಗೆ ಬಂದಳು. ನಾಲ್ಕು ಹೆಜ್ಜೆ ನಡೆದು, ಈಟಿಯನ್ನು ತಲೆಯ ಮೇಲಕ್ಕೆ ಎತ್ತಿದಳು. ಹಸಿರು, ನೀಲಿ, ಕಪ್ಪು ಒಮ್ಮೆಗೇ ಮಿಂಚಿದವು. ಹುಡುಗ ಹುಡುಗಿಯರು ಎದ್ದು ನಿಂತು ಕೂಗಿದರು.

ಎಲ್ಲರ ಹಿಂದೆ, ಗೋಡೆಗೆ ಒರಗಿ, ಪ್ಲಾಸ್ಟರಿನ ಕಲೆಯ ಶರ್ಟಿನಲ್ಲೇ ಬಂದವನೊಬ್ಬ ಎರಡೂ ಕೈ ಮೇಲೆತ್ತಿ ಚಪ್ಪಾಳೆ ತಟ್ಟುತ್ತಿದ್ದ.

ಬಂದಿದ್ದಾನೆ!

ಮೊದಲ ಬಹುಮಾನ ಲೈಟು ಮಿನುಗುವ ರೋಬೋಟ್ ಮಾಡಿದ ಕಾಲೇಜು ಹುಡುಗರಿಗೆ ಹೋಯಿತು. ಏವ್ರಿಲ್‌ಗೆ ಮೂರನೆಯದು. ಅವಳಿಗೆ ಅದು ಸರಿಯಾಗಿ ಕೇಳಿಸಲೂ ಇಲ್ಲ.

"ನಾಳೆ ಗೋದಾಮು ಖಾಲಿ ಮಾಡಿಸ್ತೇನೆ," ಎಂದಷ್ಟೇ ಹೇಳಿದರು ಡೆನಿಸ್. ಆಮೇಲೆ ರೂಬನ್‌ನ ಕಡೆ ನೋಡಿ ಕೆಮ್ಮಿದರು. "ಲೂರ್ಡ್ಸ್, ನಾವು ಕಾರಲ್ಲಿ ಹೋಗುವ. ಇವಳಿಗೆ ಎಂತದೋ ಕೆಲಸ ಉಂಟು ಅಂತ ಕಾಣ್ತದೆ."

"ಬಟ್ಟೆ ಬದಲಾಯಿಸಿ ಬನ್ನಿ. ಐಸ್‌ಕ್ರೀಮ್ ತಿನ್ಲಿಕ್ಕೆ ಹೋಗುವ," ಎಂದ ರೂಬನ್.

"ಇಲ್ಲ. ಮೊದಲು ಕುಲಶೇಖರಕ್ಕೆ. ನಿಮ್ಮ ಅಮ್ಮನ ಹತ್ತಿರ."

"ಈಗಲಾ? ಹೀ...ಗೆಯಾ?"

"ಹೀಗೆಯೇ. ಬಟ್ಟೆ ಬದಲಾಯಿಸ್ಲಿಕ್ಕೆ ಹೋದ್ರೆ ನನಗೆ ಧೈರ್ಯ ಹೋಗ್ತದೆ."

ನಂತೂರಿನಲ್ಲಿ ಮತ್ತೆ ವಾಹನಗಳ ಸಾಲು. ಎಡಕ್ಕೆ ಟ್ಯಾಂಕರ್, ಬಲಕ್ಕೆ ಬಸ್ಸು, ನಡುವೆ ಸ್ಕೂಟರ್. ಸ್ಕೂಟರಿನ ಹಿಂದೆ ಕವಚ ತೊಟ್ಟ ಯೋಧೆ! ಬಸ್ಸಿನ ಕಿಟಕಿಗಳ ತುಂಬ ತಲೆಗಳು. ಟ್ಯಾಂಕರಿನ ಕ್ಲೀನರ್ ಎದ್ದು ಸೆಲ್ಯೂಟ್ ಹೊಡೆದ. ಏವ್ರಿಲ್ ಗಂಭೀರವಾಗಿ ಈಟಿ ಎತ್ತಿ ಉತ್ತರ ಕೊಟ್ಟಳು.

"ಏವ್ರಿಲ್," ರೂಬನ್ ಮುಂದೆ ನೋಡುತ್ತಲೇ ಹೇಳಿದ. "ಇಲ್ಲಿ ಹೇಳುವ ಮಾತಲ್ಲ. ಆದ್ರೆ ಮುಖ ನೋಡಿ ಹೇಳ್ಲಿಕ್ಕೆ ನನಗೆ ಆಗುದಿಲ್ಲ. ನನಗೆ ನೀವು ಬೇಕು. ಇವತ್ತಿಗೆ ಮಾತ್ರ ಅಲ್ಲ... ಯಾವಾಗ್ಲೂ."

ಹಿಂದಿನ ಲಾರಿ ಭೋಂ ಎಂದು ಹಾರ್ನ್ ಹೊಡೆಯಿತು.

"ಎಂತ? ಕೇಳ್ಲಿಲ್ಲ!"

"ನನಗೆ ನೀವು ಬೇಕು ಅಂತ!" ಅವನು ಕೂಗಿದ. ಅಷ್ಟರಲ್ಲಿ ಹಾರ್ನ್ ನಿಂತಿತ್ತು. ಇಡೀ ಬಸ್ಸಿಗೆ ಕೇಳಿತು.

ಏವ್ರಿಲ್‌ಗೆ ಮೊದಲ ಸಲವೇ ಕೇಳಿಸಿತ್ತು. ಅವಳು ಅವನ ಬೆನ್ನಿಗೆ ಹಣೆ ಒರಗಿಸಿದಳು.

ಕುಲಶೇಖರದ ಆ ಮನೆಯ ಬಾಗಿಲು ತೆರೆದ ರೂಬನ್‌ನ ಅಮ್ಮ, ಮೆಟ್ಟಿಲ ಮೇಲೆ ನಿಂತ ಯೋಧೆಯನ್ನು ಕಂಡು ಶಿಲುಬೆಯ ಗುರುತು ಮಾಡಿಕೊಂಡರು.

"ಆಂಟಿ, ನಾನು ಏವ್ರಿಲ್. ಕುದ್ರೋಳಿಯವಳು. ಆ ಮಾತು ಹೇಳಿದವಳು ನಾನೇ." ದಾರಿಯುದ್ದಕ್ಕೂ ಜೋಡಿಸಿಕೊಂಡು ಬಂದ ಮಾತುಗಳೆಲ್ಲ ಹಾರಿಹೋಗಿದ್ದವು. "ತಪ್ಪಾಯ್ತು... ತುಂಬ ತಪ್ಪಾಯ್ತು. ನೀವು ಬೈದ್ರೂ ನಾನು ಇಲ್ಲಿಂದ ಹೋಗುದಿಲ್ಲ."

ಆ ತಾಯಿ ಬಹಳ ಹೊತ್ತು ಅವಳ ಮುಖವನ್ನು ನೋಡಿದರು. ಅಳುವಿಗೆ ಕಣ್ಣಿನ ಕಪ್ಪು ಬಣ್ಣ ಕೆನ್ನೆಗೆಲ್ಲ ಇಳಿದಿತ್ತು. ಮಗನ ಮುಖವನ್ನೂ ನೋಡಿದರು. ಅಲ್ಲಿ ಅವರಿಗೆ ಬೇಕಾದ ಉತ್ತರ ಸಿಕ್ಕಿರಬೇಕು.

"ಬೈಯುದು ಆಮೇಲೆ," ಎಂದರು ನಿಟ್ಟುಸಿರಿಟ್ಟು. "ಬೆಳಗ್ಗಿನಿಂದ ಎಂತಾದ್ರೂ ತಿಂದಿದ್ದೀಯಾ? ಸಣ್ಣಸಣ್ಣ ಮೀನು ಹುರಿದಿದ್ದೇನೆ, ಸಾರು ಉಂಟು. ಈ ಚಿಪ್ಪನ್ನೆಲ್ಲ ಹೊರಗೆ ಬಿಚ್ಚಿಟ್ಟು ಒಳಗೆ ಬಾ."

ಅವರು ಒಳಗೆ ಹೋದರು. ಏವ್ರಿಲ್ ಜಗಲಿಯಲ್ಲಿ ಕೂತಳು. ರೂಬನ್ ಅವಳ ಭುಜದ ಪಟ್ಟಿಗಳನ್ನು ಒಂದೊಂದಾಗಿ ಸಡಿಲಿಸತೊಡಗಿದ.

"ರೂಬನ್..."

"ಹ್ಞಾಂ?"

"ನಂತೂರಲ್ಲಿ ಹೇಳಿದ್ದಕ್ಕೆ ನಾನು ಉತ್ತರ ಕೊಡ್ಲಿಲ್ಲ."

ಅವನ ಬೆರಳುಗಳು ಅಲ್ಲೇ ನಿಂತವು. "ಅವಸರ ಇಲ್ಲ. ಯೋಚನೆ ಮಾಡಿ ಹೇಳಿ."

"ಯೋಚನೆ ಎಲ್ಲ ಆಯ್ತು." ಅವಳು ತಿರುಗಿ ಅವನ ಕಣ್ಣಲ್ಲೇ ಕಣ್ಣಿಟ್ಟಳು. "ನನಗೂ ನೀನು ಬೇಕು."

"ನೀನು?" ಅವನ ತುಟಿಯಲ್ಲಿ ನಗು ಅರಳಿತು.

"ಹೌದು, ನೀನು. ಯಾಕೆ, ಆಗುದಿಲ್ವಾ?"

"ಆಗ್ತದೆ," ಎಂದ ರೂಬನ್, ಅವಳ ಕೆನ್ನೆಯ ಕಪ್ಪನ್ನು ಹೆಬ್ಬೆರಳಿನಿಂದ ಮೆತ್ತಗೆ ಒರೆಸುತ್ತ. "ಇನ್ನೊಮ್ಮೆ ಹೇಳು..."